ಸುಟ್ಟಗೈ ಸರದಾರನ ಕೊನೆಯ ಅಂಕ

ಬೆಳಿಗ್ಗೆ ಏಳೂಕಾಲಿಗೆ ಬಿಡಬೇಕಾದ ಲಕ್ಷ್ಮೇಶ್ವರದ ಬಸ್ಸು ಗದಗ ನಿಲ್ದಾಣ ಬಿಟ್ಟದ್ದು ಏಳೂ ನಲವತ್ತಕ್ಕೆ. ಹೆಂಗಸರಿಗೆ ಪ್ರಯಾಣ ಪುಕ್ಕಟೆ ಆದಾಗಿನಿಂದ ನನ್ನಂಥ ನಿವೃತ್ತ ಶಿಕ್ಷಕಿಯರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ ಎಂದು ನನ್ನ ಗಂಡನ ದೂರು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ, ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಬಲು ಗಂಭೀರವಾಗಿ ಹರಿದು ಕೊಟ್ಟ. ಚಳಿ ಇನ್ನೂ ಬಿಟ್ಟಿರಲಿಲ್ಲ. ನನ್ನ ಪಾಲಿಗೆ ಬಂದ ಕಿಟಕಿಯ ಗಾಜು ಅರ್ಧಕ್ಕೇ ನಿಂತಿತ್ತು. ಸೆರಗನ್ನು ಕಿವಿಯ ಮೇಲೆ ಹೊದ್ದು, ತೊಡೆಯ ಮೇಲಿನ ಚೀಲವನ್ನು ತಬ್ಬಿಕೊಂಡು ಕೂತೆ.

ಚೀಲದಲ್ಲಿದ್ದದ್ದು ಅಪ್ಪ ಬರೆದ ದೊಡ್ಡಾಟದ ಹಸ್ತಪ್ರತಿ. ಅಪ್ಪ ಶಿರಹಟ್ಟಿ ಸೀಮೆಯ ಒಂದು ಹಳ್ಳಿಯಲ್ಲಿ ಬಹಳ ವರ್ಷ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಅವರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ ಈಗ ಆ ಆಟ ಪುಸ್ತಕವಾಗುವ ಯೋಗ ಬಂದಿದೆ. ಬೆಟಗೇರಿಯ ಶಂಕ್ರಪ್ಪನವರ ಮುದ್ರಣಾಲಯದಲ್ಲಿ ಪುಟಗಳೆಲ್ಲ ಜೋಡಣೆಯಾಗಿದ್ದವು. ನನ್ನ ಮುನ್ನುಡಿಯೂ ಸಿದ್ಧವಿತ್ತು. ‘ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತದ ಗುರು’ ಎಂದು ಅದರಲ್ಲಿ ಅಪ್ಪನನ್ನು ಕೊಂಡಾಡಿದ್ದೆ. ಕಡಿಮೆ ಬಿದ್ದದ್ದು ಒಂದೇ. ಹಸ್ತಪ್ರತಿಯಲ್ಲಿ ಕೊನೆಯ ಅಂಕ ಇರಲಿಲ್ಲ. ‘ಅಂಕ ಆರು, ಕೊನೆಯದು’ ಎಂದು ಅಪ್ಪನ ದುಂಡನೆಯ ಅಕ್ಷರದಲ್ಲಿ ಒಂದು ಶೀರ್ಷಿಕೆ, ಅದರ ಕೆಳಗೆ ಹಾಳೆ ಖಾಲಿ. ಬರೆದ ಪುಟಗಳು ಎಲ್ಲೋ ಉದುರಿಹೋಗಿರಬೇಕು ಎಂದುಕೊಂಡಿದ್ದೆ.

‘ಕೊನಿ ಅಂಕ ಇಲ್ಲದ ಆಟ ಅಚ್ಚ ಹಾಕಿದ್ರ ಓದಿದಾಂವ ನನಗ ಬೈತಾನ್ರಿ ಅಕ್ಕಾರ. ಪ್ರೆಸ್ಸಿನ್ಯಾಗ ಹಾಳಿ ಕಳದಾರ ಅಂತಾನ,’ ಎಂದು ಶಂಕ್ರಪ್ಪ ಹಿಂದಿನ ದಿನ ಹೇಳಿದ್ದರು. ಒಂದು ವಾರದೊಳಗೆ ಆ ಅಂಕ ತಂದುಕೊಟ್ಟರೆ ಸರಿ, ಇಲ್ಲದಿದ್ದರೆ ಪುಸ್ತಕ ಮುಂದಿನ ವರ್ಷಕ್ಕೆ. ನಾನು ಮುಂದಿನ ವರ್ಷಗಳನ್ನು ನಂಬುವ ವಯಸ್ಸು ದಾಟಿದವಳು. ಆ ಆಟ ಆಡಿದವರಲ್ಲಿ ಇಬ್ಬರು ಇನ್ನೂ ಇದ್ದಾರೆ ಎಂದು ಕೇಳಿದ್ದೆ. ಅವರ ಬಾಯಿಂದಲೇ ಬರೆದುಕೊಂಡು ಬರೋಣವೆಂದು ಹೊರಟೆ.

ನೀನೇ ಆ ಆಟ ನೋಡಲಿಲ್ಲವೇ ಎಂದು ಕೇಳಬಹುದು. ನೋಡಿದ್ದೇನೆ. ಆದರೆ ಸಣ್ಣವಳಿದ್ದೆ, ದೊಡ್ಡವಳಾಗುವ ಹೊತ್ತಿಗೆ ಆಟ ನಿಂತುಹೋಗಿತ್ತು. ಕೊನೆಯ ಅಂಕ ಬರುವುದು ಮೂಡಲ ಕೆಂಪಾದ ಮೇಲೆ. ಅಷ್ಟು ಹೊತ್ತಿಗೆ ಅವ್ವನ ತೊಡೆಯ ಮೇಲೆ ನನಗೆ ಗಡದ್ದು ನಿದ್ದೆ.

ಕಥೆ ನಮ್ಮ ಕಡೆಯದಲ್ಲ, ರೋಮಿನದು. ಅಪ್ಪ ಅದನ್ನು ತಾವು ಕಲಿಯುವಾಗ ಒಂದು ಇಂಗ್ಲಿಷ್ ಪಾಠದಲ್ಲಿ ಓದಿದ್ದರಂತೆ. ಶತ್ರು ರಾಜನೊಬ್ಬ ರೋಮಿಗೆ ಮುತ್ತಿಗೆ ಹಾಕುತ್ತಾನೆ. ಊರಿನೊಳಗೆ ಅನ್ನಕ್ಕೆ ತತ್ವಾರ. ಒಬ್ಬ ತರುಣ ಬಟ್ಟೆಯೊಳಗೆ ಕಠಾರಿ ಬಚ್ಚಿಟ್ಟುಕೊಂಡು ಶತ್ರುವಿನ ಪಾಳೆಯ ಹೊಗುತ್ತಾನೆ. ಅಂದು ಸೈನಿಕರ ಪಗಾರದ ದಿನ. ರಾಜನೂ ಅವನ ಗುಮಾಸ್ತನೂ ಹೆಚ್ಚುಕಡಿಮೆ ಒಂದೇ ಥರದ ಉಡುಪಿನಲ್ಲಿ ಅಕ್ಕಪಕ್ಕ ಕೂತಿದ್ದಾರೆ. ಎಲ್ಲರೂ ಗುಮಾಸ್ತನ ಮುಂದೆ ಸಾಲುಗಟ್ಟಿದ್ದನ್ನು ಕಂಡು ತರುಣ ಅವನೇ ರಾಜನೆಂದು ತಿಳಿದು ಅವನನ್ನು ಇರಿದುಬಿಡುತ್ತಾನೆ. ಹಿಡಿದು ನಿಲ್ಲಿಸಿದಾಗ ರಾಜ ಬೆಂಕಿಯ ಬೆದರಿಕೆ ಹಾಕುತ್ತಾನೆ. ತರುಣ ತಾನಾಗಿಯೇ ಬಲಗೈಯನ್ನು ಪಕ್ಕದ ಅಗ್ನಿಕುಂಡದಲ್ಲಿ ಇಟ್ಟು, ಮುಖ ಕಿವುಚದೆ ನಿಲ್ಲುತ್ತಾನೆ. ರಾಜ ಬೆರಗಾಗಿ ಅವನನ್ನು ಬಿಟ್ಟು, ಮುತ್ತಿಗೆಯನ್ನೂ ತೆಗೆಯುತ್ತಾನೆ. ಅಲ್ಲಿಂದ ಮುಂದೆ ಆ ವೀರನಿಗೆ ಎಡಗೈಯವ ಎಂದೇ ಹೆಸರು. ಎರಡು ಸಾವಿರ ವರ್ಷದಿಂದ ಪರದೇಶದ ಕವಿಗಳು, ಚಿತ್ರಕಾರರು ಅವನನ್ನು ಬಿಟ್ಟಿಲ್ಲ. ನಮ್ಮ ಅಪ್ಪ ಅವನಿಗೆ ಕಿರೀಟ, ಭುಜಕೀರ್ತಿ ತೊಡಿಸಿ ದೊಡ್ಡಾಟದಲ್ಲಿ ಕುಣಿಸಿದರು. ಶತ್ರು ರಾಜನ ಪಾತ್ರಕ್ಕೆ ತಾವೇ ನಿಂತರು. ಅಪ್ಪ ಆಟಕ್ಕೆ ಇಟ್ಟ ಹೆಸರು ‘ರೋಮಪುರದ ವೀರ’. ಜನ ಅದನ್ನು ಮೊದಲ ವರ್ಷವೇ ‘ಸುಟ್ಟಗೈ ಸರದಾರ’ ಎಂದು ಮಾಡಿಕೊಂಡರು.

ಅಸುಂಡಿಯಲ್ಲಿ ಬುಟ್ಟಿ ತುಂಬ ಮೆಂತ್ಯದ ಸೊಪ್ಪು ಹೊತ್ತ ಇಬ್ಬರು ಹೆಂಗಸರು ಹತ್ತಿದರು. ಮುಳಗುಂದ ದಾಟಿದ ಮೇಲೆ ಎರಡೂ ಕಡೆ ಎರೆಹೊಲ. ಬಿಳಿಜೋಳದ ತೆನೆ ಹಾಲುಗಾಳು ಕಳೆದು ಗಟ್ಟಿಯಾಗಿತ್ತು, ಕಡಲೆ ಒಣಗುತ್ತ ಬಂದಿತ್ತು. ನಲವತ್ತು ಕಿಲೋಮೀಟರಿನ ದಾರಿಗೆ ಒಂದೂಕಾಲು ತಾಸು ಹಿಡಿಯಿತು. ಲಕ್ಷ್ಮೇಶ್ವರದಲ್ಲಿ ಇಳಿದು, ನಿಲ್ದಾಣದ ಎದುರು ಒಂದು ತಟ್ಟೆ ಒಗ್ಗರಣೆ ಅವಲಕ್ಕಿ, ಒಂದು ಮಿರ್ಚಿ ತಿಂದೆ. ಮೂವತ್ತು ರೂಪಾಯಿ. ಮಿರ್ಚಿ ಖಾರವಿತ್ತು, ಕಣ್ಣಲ್ಲಿ ನೀರು ಬಂತು, ಇನ್ನೊಂದು ತಿಂದೆ.

ಹಾರ್ಮೋನಿಯಂ ಇಮಾಮಸಾಬರ ಅಂಗಡಿ ಬಜಾರದ ಹಿಂದಿನ ಓಣಿಯಲ್ಲಿದೆ. ಅವರು ಅಪ್ಪನ ಆಟಕ್ಕೆ ಪೇಟಿ ಬಾರಿಸಿದವರು. ಒಳಗೆ ಕುರ್ಚಿಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಹಿರಿಯರೊಬ್ಬರು ಕೂತಿದ್ದರು. ನಾನು ಕೈ ಮುಗಿದು, ನಾನು ಇಂಥ ಮಾಸ್ತರರ ಮಗಳು, ನಿಮ್ಮ ಬಗ್ಗೆ ಮನೆಯಲ್ಲಿ ಬಹಳ ಕೇಳಿದ್ದೇನೆ ಎಂದು ಎರಡು ನಿಮಿಷ ಭಾಷಣವನ್ನೇ ಮಾಡಿದೆ. ಅವರು ಪಾಪ, ಎಲ್ಲ ಕೇಳಿಸಿಕೊಂಡು, ‘ನಾ ಪೇಟಿ ರಿಪೇರಿಗೆ ಕೊಡಾಕ ಬಂದೀನ್ರಿ,’ ಎಂದರು. ಇಮಾಮಸಾಬರು ನೆಲದ ಮೇಲೆ, ಬನಿಯನ್ನಿನಲ್ಲಿ, ಬಿಚ್ಚಿದ ಪೇಟಿಯ ಪಕ್ಕ ಕೂತು ಮುಸಿಮುಸಿ ನಗುತ್ತಿದ್ದರು.

‘ಮಾಸ್ತರ ಮಗಳ ಖರೆ. ನೀವೂ ಗುಮಾಸ್ತನ್ನ ರಾಜಾ ಅಂತ ತಿಳಕೊಂಡ್ರಿ,’ ಎಂದರು.

ಎಂಬತ್ತು ದಾಟಿದ ಮನುಷ್ಯ. ಹಲ್ಲು ನಾಲ್ಕೋ ಐದೋ ಉಳಿದಿವೆ, ನೆನಪು ಮಾತ್ರ ಪೂರ್ತಿ ಇದೆ. ಗುಮಾಸ್ತನ ಪ್ರಸಂಗ ಎಂದರೆ ಜನ ಕಾದುಕೊಂಡು ಕೂತಿರುತ್ತಿದ್ದರಂತೆ. ‘ಸರದಾರ ಮಾಡಿದ್ದು ತಪ್ಪ ಅನ್ನಾಕ ಬರೂದಿಲ್ಲರಿ. ಪಗಾರ ಕೊಡಾಂವಗ ನಾವೆಲ್ಲಾ ಕೈ ಮುಗಿಯೂದ. ಆದ್ರ ಆ ಗುಮಾಸ್ತನ ಪಾತ್ರಕ್ಕ ಊರಾಗ ಒಬ್ರೂ ಒಪ್ಪತಿರಲಿಲ್ಲ. ಬಣ್ಣಾ ಹಚ್ಚಕೊಂಡು ಬರೂದು, ಕುಂಡ್ರೂದು, ಸಾಯೂದು. ವರ್ಸಾ ಹೊಸಾ ಗುಮಾಸ್ತನ್ನ ಹುಡುಕೂದ ನಮಗ ದೊಡ್ಡ ಕೆಲಸಾಗಿತ್ತು.’

ಕೊನೆಯ ಅಂಕದ ಮಾತು ತೆಗೆದೆ. ಅವರು ಕೈಯಲ್ಲಿದ್ದ ಸ್ಕ್ರೂ ಬಿಚ್ಚುವುದನ್ನು ನಿಲ್ಲಿಸಿದರು.

‘ಆ ಅಂಕದಾಗ ನಾ ಬಾರಿಸಾಂಗಿಲ್ಲರಿ. ಪೇಟಿ ಬಂದ್, ಮದ್ದಲಿ ಬಂದ್. ಮಾತೂ ಇಲ್ಲ. ಕಡೀತನಕ ಹಂಗ ಆಡೇವಿ.’

‘ಮಾತಿಲ್ಲಂದ್ರ ಏನ್ ಮಾಡ್ತಿದ್ರಿ ಮತ್ತ?’

‘ಅದನ್ನ ದ್ಯಾಮಪ್ಪ ಹೇಳಬೇಕು. ಸರದಾರನ ಪಾತ್ರ ಅವಂದು. ಮುಂಡರಗ್ಯಾಗ ಮಗನ ಮನ್ಯಾಗ ಅದಾನ. ನಾ ಹೇಳಿದ್ರ ಮಗಳ ಮುಂದ ಅಪ್ಪನ ಚಾಡಿ ಹೇಳಿದಂಗ ಆಕ್ಕೈತಿ.’

ಚಹಾ ಬಂತು. ಅದನ್ನು ಕುಡಿದೆನೇ ಹೊರತು ರುಚಿ ಗೊತ್ತಾಗಲಿಲ್ಲ. ಚಾಡಿ ಹೇಳುವಂಥದ್ದು ಅಪ್ಪನ ಬಗ್ಗೆ ಏನಿದ್ದೀತು? ಒಂದು ಗಳಿಗೆ, ಇಲ್ಲಿಂದಲೇ ಗದಗಿನ ಬಸ್ಸು ಹತ್ತಿ, ಅಂಕ ಸಿಕ್ಕಲಿಲ್ಲ ಎಂದು ಶಂಕ್ರಪ್ಪನಿಗೆ ಹೇಳಿಬಿಡೋಣ ಅನಿಸಿತು. ನಾಚಿಕೆಯೂ ಆಯಿತು. ಬೆಂಕಿಗೆ ಕೈ ಇಟ್ಟವನ ಕಥೆ ಹುಡುಕಿಕೊಂಡು ಹೊರಟವಳು ಒಂದು ಚಾಡಿಗೆ ಹೆದರುವುದೇ? ಹನ್ನೊಂದರ ಬಸ್ಸಿಗೆ ಶಿರಹಟ್ಟಿಗೆ ಹೊರಟೆ.

ಶಿರಹಟ್ಟಿ ಅಲ್ಲಿಂದ ಬಹಳ ದೂರವಿಲ್ಲ. ಮುಂಡರಗಿಯ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಬಿಸಿಲು ಚುರುಗುಟ್ಟತೊಡಗಿತ್ತು. ನಿಲ್ದಾಣದ ಹತ್ತಿರದ ಖಾನಾವಳಿಗೆ ಹೋದೆ. ನಡೆಸುವವಳು ಗಂಗವ್ವ, ಐವತ್ತರ ಆಸುಪಾಸಿನ ಗಟ್ಟಿಗಿತ್ತಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಹಿಟ್ಟಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಎಂಬತ್ತು ರೂಪಾಯಿಗೆ ಹೊಟ್ಟೆ ತುಂಬುವಷ್ಟು. ಗಂಗವ್ವ ಉರಿಯುವ ಒಲೆಯ ಮೇಲಿಂದ ಸಾರಿನ ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿ ಕೆಳಗಿಟ್ಟಳು. ಪಕ್ಕದಲ್ಲಿ ಉಣ್ಣುತ್ತಿದ್ದ ಲಾರಿ ಡ್ರೈವರ್ ಒಬ್ಬ, ‘ಏನವಾ, ಸುಟ್ಟಗೈ ಸರದಾರ ಆದಿ?’ ಎಂದ.

ನನ್ನ ತುತ್ತು ಬಾಯಿಯ ಹತ್ತಿರ ನಿಂತಿತು. ಆ ಮಾತು ಎಲ್ಲಿಂದ ಬಂತು ಎಂದು ಕೇಳಿದೆ.

‘ನಮ್ಮವ್ವ ಅಂತಿದ್ಲರಿ. ಬರಿಗೈಲೆ ಗಡಿಗಿ ಇಳಿಸಿದವರಿಗೆ ನಮ್ಮ ಕಡೆ ಹಂಗ ಅಂತಾರ,’ ಎಂದಳು ಗಂಗವ್ವ.

‘ಯಾರಂವ ಸರದಾರ, ಗೊತ್ತೈತೇನು?’

‘ಯಾಂವಗ್ಗೊತ್ರಿ. ನವಲಗುಂದ ಕಡ್ಯಾಂವ ಇರಬೇಕು. ಅಂತೂ ಗಟ್ಟಿ ಆಳು.’

ನವಲಗುಂದ ಅಲ್ಲ, ಸಮುದ್ರದಾಚೆಯ ರೋಮಿನವನು ಎಂದು ತಿಳಿಸಿ ಹೇಳಿದೆ. ಗಂಗವ್ವ ಸ್ವಲ್ಪ ಯೋಚಿಸಿ, ‘ಅಲ್ಲಿ ರೊಟ್ಟಿ ತಿಂತಾರೇನ್ರಿ?’ ಎಂದು ಕೇಳಿದಳು. ಗೋಧಿಯದು ತಿನ್ನುತ್ತಾರೆ ಎಂದೆ. ಅಷ್ಟಕ್ಕೆ ಅವಳಿಗೆ ಸಮಾಧಾನವಾಯಿತು.

ಆ ಖಾನಾವಳಿಯಲ್ಲಿ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಆ ವೀರನಿಗೆ ದೊಡ್ಡ ದೊಡ್ಡ ಅರಮನೆಗಳಲ್ಲಿ ಚಿತ್ರಗಳಿವೆಯಂತೆ, ಗ್ರಂಥಗಳಲ್ಲಿ ಹೊಗಳಿಕೆ ಇದೆಯಂತೆ. ಇರಲಿ. ಅವನ ಹೆಸರೂ ಊರೂ ಗೊತ್ತಿಲ್ಲದೆ, ಸಾರಿನ ಪಾತ್ರೆ ಇಳಿಸುವಾಗ ಅವನನ್ನು ನೆನೆಯುವ ಜನ ಶಿರಹಟ್ಟಿಯಲ್ಲಿ ಇದ್ದಾರೆ. ಒಬ್ಬ ಕನ್ನಡ ಶಾಲೆಯ ಮಾಸ್ತರರು ಕಂದೀಲಿನ ಬೆಳಕಿನಲ್ಲಿ ಬರೆದದ್ದು ಇಲ್ಲಿಯವರೆಗೆ ಬಂದಿದೆಯಲ್ಲ ಎಂದು ಎದೆ ತುಂಬಿ ಬಂತು. ಗಂಗವ್ವ ನನ್ನ ಕಣ್ಣು ನೋಡಿ ಚಟ್ನಿ ಖಾರವಾಯಿತೇ ಎಂದು ಕೇಳಿ ಇನ್ನಷ್ಟು ಮಜ್ಜಿಗೆ ಹಾಕಿದಳು.

ಮುಂಡರಗಿಯ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕದ್ದು ಅರ್ಧ ದಾರಿಯ ಮೇಲೆ. ಎಡಕ್ಕೆ ಕಪ್ಪತಗುಡ್ಡದ ಸಾಲು ಕಾಣತೊಡಗಿತು. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಮುದುಕಿ ಅವುಗಳಿಗೆ ‘ಫ್ಯಾನು’ ಎನ್ನುತ್ತಿದ್ದಳು. ಇಷ್ಟು ಫ್ಯಾನು ಹಚ್ಚಿದರೂ ಸೆಕೆ ಕಡಿಮೆಯಾಗಿಲ್ಲ ನೋಡು ಎಂದು ನನ್ನ ಹತ್ತಿರ ದೂರಿದಳು. ಮೂರರ ಸುಮಾರಿಗೆ ಮುಂಡರಗಿ ಮುಟ್ಟಿದೆ. ದ್ಯಾಮಪ್ಪನ ಮಗನ ಮನೆಗೆ ಆಟೋದವನು ನಲವತ್ತು ರೂಪಾಯಿ ತೆಗೆದುಕೊಂಡ.

ದ್ಯಾಮಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಉದ್ದನೆಯ ಆಳು, ಬೆನ್ನು ಇನ್ನೂ ಬಾಗಿಲ್ಲ. ಈ ಸಲ ನಾನು ಮೊದಲು ಹೆಸರು ಕೇಳಿಕೊಂಡೇ ಕೈ ಮುಗಿದೆ. ಅಪ್ಪನ ಹೆಸರು ಹೇಳಿದ್ದೇ ತಡ ಅವರು ಎದ್ದು ನಿಂತು, ಸೊಸೆಯನ್ನು ಕರೆದು, ‘ನೀಲವ್ವ, ಜಮಖಾನಿ ತಾ. ನಮ್ಮ ಮಾಸ್ತರ ಮಗಳು ಬಂದಾರ,’ ಎಂದರು.

ಬೆಂಕಿಯಲ್ಲಿ ಕೈ ಹೇಗೆ ಇಡುತ್ತಿದ್ದಿರಿ ಎಂದು ಮೊದಲು ಕೇಳಿದೆ. ಲೋಳೆಸರ ಸವರಿ, ಹಸಿ ಬಟ್ಟೆ ಸುತ್ತಿ, ಮತ್ತೆ ಲೋಳೆಸರ ಸವರುವುದಂತೆ. ಆದರೂ ಎರಡು ಸಲ ಸುಟ್ಟ ಗುರುತು ತೋರಿಸಿದರು. ಆಮೇಲೆ ನಾನು ಬಂದ ಕಾರಣ ಹೇಳಿ, ಹಸ್ತಪ್ರತಿಯ ಕೊನೆಯ ಹಾಳೆ ತೆಗೆದು ಮುಂದಿಟ್ಟೆ. ಅವರು ಶೀರ್ಷಿಕೆಯ ಮೇಲೆ ಬೆರಳಾಡಿಸಿದರು.

‘ಏನೂ ಕಳದಿಲ್ಲರಿ ಇದರಾಗ. ಈ ಪ್ರತಿ ಮಾಸ್ತರ ಬರದಾಗಿಂದ ಹಿಂಗ ಐತಿ.’

‘ಯಾಕ?’

‘ಹೇಳಿದ್ರ ನೀವು ಬ್ಯಾಸರಾ ಮಾಡ್ಕೋಬಾರದು,’ ಎಂದರು. ನಾನು ವಹಿ ತೆರೆದು ಪೆನ್ನು ಹಿಡಿದೆ. ಅವರು ನೆಲ ನೋಡುತ್ತ ಹೇಳತೊಡಗಿದರು.

‘ನಾ ಹುಟ್ಟಾ ಎಡಚ. ಶಾಲ್ಯಾಗ ಎಡಗೈಲೆ ಬರದ್ರ ಮಾಸ್ತರ ಹೊಡೀತಿದ್ರು. ಗೆಣ್ಣು ಮ್ಯಾಲ ಮಾಡಿ ಹಿಡಿಯೂದು, ಪಟ್ಟಿ ಅಡ್ಡ ಹಿಡದು ಹೊಡಿಯೂದು. ದಿನಾ. ಮೂರನೇ ಕ್ಲಾಸಿಗೆ ಶಾಲಿ ಬಿಟ್ಟೆ. ಮುಂದ ನಾ ದೊಡ್ಡಾಂವ ಆದ ಮ್ಯಾಲ ಈ ಆಟದ ತಾಲೀಮು ಚಾಲೂ ಆತು. ಕೈ ಸುಟ್ಟ ಮ್ಯಾಲ ಸರದಾರ ಎಲ್ಲಾ ಎಡಗೈಲೆ ಮಾಡಬೇಕಲ್ರಿ. ಖಡ್ಗಾ ಹಿಡಿಯೂದು, ತಿರುವೂದು. ಯಾರಿಗೂ ಬರವಲ್ದು. ಮಾಸ್ತರ ನಮ್ಮ ಮನಿಗೆ ಬಂದ್ರು. ದ್ಯಾಮಾ, ನೀನ ಆಗಬೇಕಲೇ, ಅಂದ್ರು. ತಾವು ಹೊಡದಿದ್ದ ಆ ಎಡಗೈಯ ಬೇಕಾತು ಅವರಿಗೆ.’

ನನ್ನ ಪೆನ್ನು ನಿಂತಿತ್ತು. ಅಪ್ಪನ ಕೈಯಲ್ಲಿ ಪಟ್ಟಿಯನ್ನು, ಅವರು ಗೆರೆ ಎಳೆಯುವಾಗ ಬಿಟ್ಟರೆ, ನಾನು ನೋಡಿಯೇ ಇಲ್ಲ.

‘ಮೊದಲನೇ ಆಟ. ಬೆಳಗಾಗಾಕ ಬಂದಿತ್ತು. ಮಾಸ್ತರ ರಾಜಾ. ಅವರು ಬರದಿದ್ದು ಹೆಂಗಂದ್ರ, ರಾಜಾ ನನಗ ಖಡ್ಗಾ ಕೊಡೂದು, ತಲಿ ಮ್ಯಾಲ ಕೈಯಿಟ್ಟು ಹರಸೂದು, ನಾ ಹಾಡಕೋತ ಹೋಗೂದು. ನಾ ಖಡ್ಗಾ ಇಸಗೊಳ್ಳಲಿಲ್ಲ. ಎಡಗೈ ಮುಂದ ಮಾಡಿದೆ. ಶಾಲ್ಯಾಗ ಹಿಡೀತಿದ್ನಲ್ಲ, ಹಂಗ. ಗೆಣ್ಣು ಮ್ಯಾಲ ಮಾಡಿ.’

‘ಯಾಕ ಹಂಗ ಮಾಡಿದ್ರಿ?’

‘ಸಿಟ್ಟು ಅಕ್ಕಾರ. ಸುಳ್ಳ ಯಾಕ ಹೇಳ್ಲಿ. ಇಡೀ ರಾತ್ರಿ ಜನಾ ಈ ಕೈಗೆ ಭೇಷ್ ಅಂದಿದ್ರು. ಈಗ ಹೊಡೀರಿ ನೋಡೂನು, ಎಲ್ಲಾರ ಮುಂದ, ಅಂತ ಹಿಡದೆ. ಜನಕ್ಕ ಅದೂ ಆಟ ಅಂತ ಅನಸ್ತು. ಮಾಸ್ತರಗ ತಿಳೀತು. ಹಾಡು ಮರತ್ರು, ಮಾತು ಮರತ್ರು. ನನ್ನ ಮಾರಿ ನೋಡಕೋತ ನಿಂತ್ರು. ಇಮಾಮಸಾಬ ಪೇಟಿ ನಿಲ್ಲಿಸಿಬಿಟ್ಟ.’

ಅವರು ಇಲ್ಲಿ ನಿಲ್ಲಿಸಿ ಶೇಂಗಾದ ಸಿಪ್ಪೆಯನ್ನು ಅಂಗೈಯಿಂದ ಒಂದು ಕಡೆ ಸರಿಸಿದರು.

‘ಆಮ್ಯಾಲ ಅವರು ತಮ್ಮ ಎಡಗೈ ಕೊಟ್ರು. ನನ್ನ ಕೈ ಹಿಡದ್ರು. ಬಿಡಲಿಲ್ಲ. ಹೊತ್ತ ಮೂಡೂತನಕ ಅನ್ನೂಹಂಗ ನಿಂತೇವಿ ನಾವು. ಮರುದಿನದಿಂದ ಆ ಶಾಲ್ಯಾಗ ಪಟ್ಟಿ ಬಂದ್ ಆತು. ಯಾ ಹುಡುಗರಿಗೂ ಹೊಡಿಲಿಲ್ಲ ಮಾಸ್ತರ. ಆಟದಾಗೂ ವರ್ಸಾ ಹಂಗ ಮಾಡೂಣು ಅಂದ್ರು. ನಾನ ಕೇಳಿದೆ, ಇದನ್ನ ಬರಕೋರಿ ಮಾಸ್ತರ ಅಂತ. ಅದು ನಂದಲ್ಲಲೇ ದ್ಯಾಮಾ, ನಿಂದು, ಅಂದ್ರು. ಮೊದಲ ಬರದಿದ್ದು ಬಿಟ್ಟು, ಹೊಸಾ ಪ್ರತಿ ಬರಿಯೂವಾಗ ಹಾಳಿ ಖಾಲಿ ಬಿಟ್ರು.’

ನಾನು ಬರೆಯತೊಡಗಿದೆ. ಕಣ್ಣು ಮಂಜಾಗಿತ್ತು, ಸಾಲು ಓರೆಯಾಗುತ್ತಿತ್ತು. ದ್ಯಾಮಪ್ಪ ನನ್ನನ್ನೇ ನೋಡುತ್ತಿದ್ದರು.

‘ನೀವೂ ಎಡಗೈಲೆ ಬರೀತೀರಿ,’ ಎಂದರು.

‘ಹೂಂ. ಸಣ್ಣಾಕಿ ಇದ್ದಾಗಿಂದ.’

‘ಮಾಸ್ತರ ಏನೂ ಅನ್ನಲಿಲ್ಲ?’

ಏನೂ ಅನ್ನಲಿಲ್ಲ. ಅಜ್ಜಿ ಗೊಣಗುತ್ತಿದ್ದಳು, ಹೆಣ್ಣುಮಗಳು ನಾಳೆ ಇನ್ನೊಬ್ಬರ ಮನೆಯಲ್ಲಿ ಎಡಗೈಯಿಂದ ಬಡಿಸುತ್ತಾಳೇನು ಎಂದು. ಅಪ್ಪ ಒಂದೇ ಮಾತಿನಲ್ಲಿ ಅಜ್ಜಿಯ ಬಾಯಿ ಮುಚ್ಚಿಸುತ್ತಿದ್ದರು. ಅವರು ಹುಟ್ಟಿನಿಂದಲೇ ಅಷ್ಟು ಮೃದು ಎಂದು ನಾನು ತಿಳಿದಿದ್ದೆ. ಅದನ್ನೇ ದ್ಯಾಮಪ್ಪನಿಗೆ ಹೇಳಿದೆ.

ಅವರು ಜೋರಾಗಿ ನಕ್ಕರು. ‘ಹಂಗಾರ ನಿಮ್ಮ ಪಾಲಿನ ಪೆಟ್ಟೂ ನಾನ ತಿಂದೆ ಬಿಡ್ರಿ,’ ಎಂದರು.

ಆ ನಗುವಿನಲ್ಲಿ ಕಹಿಯ ಒಂದು ಎಳೆಯೂ ಇರಲಿಲ್ಲ. ನನಗೆ ಮಾತ್ರ ತಲೆ ಎತ್ತಲು ಆಗಲಿಲ್ಲ. ನೀಲವ್ವ ಚಹಾ ತಂದಿಟ್ಟು, ಮಾವನನ್ನೂ ನನ್ನನ್ನೂ ನೋಡಿ ಒಳಗೆ ಹೋದಳು. ರೋಮಿನ ಆ ವೀರ ಒಂದು ಸಲ ಕೈ ಸುಟ್ಟುಕೊಂಡದ್ದಕ್ಕೆ ಜಗತ್ತು ಇನ್ನೂ ಅವನನ್ನು ಹಾಡುತ್ತಿದೆ. ಈ ಮನುಷ್ಯನ ಕೈ ಪ್ರತಿ ದಿನ ಪೆಟ್ಟು ತಿಂದು, ಕೊನೆಗೆ ಹೊಡೆದವರನ್ನೇ ತಿದ್ದಿತು. ಅದಕ್ಕೆ ಒಂದು ಸಾಲು ಬರೆದವರಿಲ್ಲ.

ಹೊರಡುವಾಗ ಅವರು ಬಾಗಿಲತನಕ ಬಂದರು. ‘ಒಂದು ಮಾತು ಅಕ್ಕಾರ. ಪುಸ್ತಕದಾಗ ಕೈ ಕೊಟ್ಟಿದ್ದಷ್ಟ ಬರೀರಿ. ಹೊಡದಿದ್ದು ಬ್ಯಾಡ. ಸತ್ತ ಮ್ಯಾಲ ಮಾಸ್ತರ ಹೆಸರಿಗೆ ಕಪ್ಪು ಹತ್ತಬಾರದು.’

ನೋಡೋಣ ಎಂದೆ. ಒಪ್ಪಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಐದೂವರೆಯ ಬಸ್ಸು ಡಂಬಳದ ಮೇಲೆ ಗದಗಿಗೆ ಬಂತು. ದಾರಿಯುದ್ದಕ್ಕೂ ಮುನ್ನುಡಿ ತೊಡೆಯ ಮೇಲೆ ಇತ್ತು. ‘ಒಂದು ದಿನವೂ ಕೈ ಎತ್ತದ ಗುರು.’ ಎಷ್ಟು ಚಂದದ ಮಾತು, ಎಷ್ಟು ಸುಳ್ಳು. ಅದನ್ನು ಹಾಗೇ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ದ್ಯಾಮಪ್ಪನೇ ಬೇಡ ಎಂದಿದ್ದಾರೆ. ಆದರೆ ಹಾಳೆ ಖಾಲಿ ಬಿಟ್ಟಿದ್ದ ಅಪ್ಪ ನನಗಿಂತ ಧೈರ್ಯಸ್ಥರಾಗಿದ್ದರು. ಹುಟ್ಟಾ ಒಳ್ಳೆಯವರಾಗಿರುವುದಕ್ಕೆ ಏನು ಖರ್ಚು? ಊರೆಲ್ಲ ನೋಡುತ್ತಿರುವಾಗ, ರಾಜನ ಕಿರೀಟ ತೊಟ್ಟು, ತನ್ನದೇ ತಪ್ಪಿಗೆ ಕೈ ಕೊಡುವುದು ಬೇರೆ. ಆ ಅಪ್ಪನ ಮೇಲಿನ ಪ್ರೀತಿ ಬೆಳಿಗ್ಗೆ ಇದ್ದದ್ದಕ್ಕಿಂತ ಹೆಚ್ಚಾಗಿತ್ತು.

ಮರುದಿನ ಹತ್ತಕ್ಕೆ ಬೆಟಗೇರಿಗೆ ಹೋದೆ. ಕೊನೆಯ ಅಂಕ ಅರ್ಧ ಪುಟವೂ ಇರಲಿಲ್ಲ. ‘ವೀರನು ಎಡಗೈಯನ್ನು, ಪೆಟ್ಟು ತಿನ್ನಲು ಒಡ್ಡುವಂತೆ, ಮುಂದೆ ಹಿಡಿಯುತ್ತಾನೆ. ರಾಜನು ತನ್ನ ಎಡಗೈ ಕೊಡುತ್ತಾನೆ. ಇಬ್ಬರೂ ಮಾತಾಡುವುದಿಲ್ಲ. ಬೆಳಗಾಗುತ್ತದೆ.’ ಮುನ್ನುಡಿಯಲ್ಲಿ ಹಳೆಯ ಸಾಲು ಹೊಡೆದು ಹಾಕಿ ಹೊಸದು ಬರೆದಿದ್ದೆ: ‘ನನ್ನ ತಂದೆ ಎಡಗೈಯಲ್ಲಿ ಬರೆದ ಒಬ್ಬ ಹುಡುಗನನ್ನು ಅವನು ಶಾಲೆ ಬಿಡುವ ತನಕ ಹೊಡೆದರು. ಮುಂದೆ ಅದೇ ಹುಡುಗನಿಂದ ಕಲಿತರು. ಈ ಆಟದ ಕೊನೆಯ ಅಂಕ ಅವನದು.’

ಶಂಕ್ರಪ್ಪ ಎರಡನ್ನೂ ಓದಿ ಕನ್ನಡಕ ತೆಗೆದರು. ‘ತಂದಿ ಬಗ್ಗೆ ಈ ಮಾತು ಬೇಕೇನ್ರಿ ಅಕ್ಕಾರ?’

‘ಬೇಕ್ರಿ. ಅದಿಲ್ಲಂದ್ರ ರಾಜಾ ಯಾಕ ಎಡಗೈ ಕೊಟ್ಟ ಅಂತ ಯಾರಿಗೂ ತಿಳಿಯೂದಿಲ್ಲ.’

ಅವರು ಇನ್ನೊಂದು ಸಲ ಓದಿದರು. ಕಂಪ್ಯೂಟರಿನ ಮುಂದೆ ಕೂತು, ಮುಖಪುಟದಲ್ಲಿ ಅಪ್ಪನ ಹೆಸರನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಅದರ ಕೆಳಗೆ ಇನ್ನೊಂದು ಹೆಸರಿಗೆ ಜಾಗ ಮಾಡಿದರು.